ಬೂದಿನೀರಿನ ಅಕ್ಕಿ

ಎಪ್ಪತ್ತರ ದಶಕದ ಕೊನೆಗೆ ನಾನು ಕುಮಟೆಯ ಸಣ್ಣ ಪ್ರಯೋಗಶಾಲೆಯೊಂದರಲ್ಲಿ ಧಾನ್ಯಕ್ಕೆ ಹಿಡಿದ ಬೂಷ್ಟಿನ ವಿಷ ಪತ್ತೆಹಚ್ಚುವ ಕೆಲಸದಲ್ಲಿದ್ದೆ. ಒಮ್ಮೆ ಹತ್ತಿರದ ಅಘನಾಶಿನಿ ಹಳ್ಳಿಗೆ ಹೋದಾಗ, ಮೀನು ಮಾರುವ ಮುದುಕಿಯೊಬ್ಬಳು ಬೂಷ್ಟು ಹಿಡಿದ ಅಕ್ಕಿಯನ್ನು ಬೂದಿನೀರಿನಲ್ಲಿ ಉಜ್ಜಿ ತೊಳೆದು ಚಾಪೆಯ ಮೇಲೆ ಒಣಗಿಸುತ್ತಿದ್ದಳು. ಚೆಲ್ಲಿಬಿಡು ಎಂದೆ.

“ಎಂತಕ್ಕೆ ಚೆಲ್ಲೂದು? ಮೂಸಿ ನೋಡಿ, ವಾಸ್ನೆ ಹೋತು. ಆತು,” ಎಂದಳು.

ನನಗೆ ಸಿಟ್ಟು ಬಂತು. ವಾಸನೆ ಹೋದರೂ ವಿಷ ಹೋಗುವುದಿಲ್ಲವೆಂದು ತೋರಿಸಿಯೇ ಬಿಡುತ್ತೇನೆಂದು ತೊಳೆದ ಅಕ್ಕಿಯನ್ನೇ ಒಂದು ಹಿಡಿ ಕಟ್ಟಿಸಿಕೊಂಡು ಬಂದೆ.

ಹೋಲಿಸಿ ನೋಡಲು ವಿಷವಿಲ್ಲದ ಅಕ್ಕಿ ಬೇಕಿತ್ತು. ಮರುದಿನ ನಮ್ಮ ಮನೆಯ ಡಬ್ಬಿಯಿಂದ ಒಯ್ದೆ. ಎರಡರ ಸಾರವನ್ನೂ ಬೇರೆ ಬೇರೆ ಗಾಜಿನ ಕೊಳವೆಗಳಲ್ಲಿ ಇಳಿಸಿ, ಕಿಟಕಿ ಮುಚ್ಚಿ, ನೇರಳಾತೀತ ದೀಪ ಹಚ್ಚಿದೆ. ಆ ಬೆಳಕಿಗೆ ವಿಷ ನೀಲಿಯಾಗಿ ಹೊಳೆಯುತ್ತದೆ. ಮುದುಕಿಯ ಕೊಳವೆ ಹೊಳೆಯಿತು. ಅದರ ಪಕ್ಕ, ಕತ್ತಲಲ್ಲಿ ಯಾರೋ ಕಣ್ಣು ಬಿಟ್ಟಂತೆ, ನಮ್ಮದೂ ಹೊಳೆಯಿತು. ದೀಪ ಆರಿಸಿ ಮತ್ತೆ ಹಚ್ಚಿದೆ. ಕೊಳವೆಗಳಿಗೆ ಅಂಟಿಸಿದ ಚೀಟಿ ಅದಲುಬದಲಾಗಿದೆಯೇ ಎಂದು ನೋಡಿದೆ. ಆಗಿರಲಿಲ್ಲ. ನಮ್ಮದೇ ಹೆಚ್ಚು ನೀಲಿಯಾಗಿತ್ತು.

ಸಂಜೆ ಮನೆಗೆ ಬಂದಾಗ ಅಮ್ಮ ಅಂಗಳದಲ್ಲಿ ಕೂತು, ಚಾಪೆಯ ಮೇಲೆ ಒಣಗಿದ ಅಕ್ಕಿಯನ್ನು ಹಿಡಿಹಿಡಿಯಾಗಿ ಮೂಸಿ ಡಬ್ಬಿಗೆ ತುಂಬುತ್ತಿದ್ದಳು. ಪಕ್ಕದಲ್ಲಿ ಕರಟದ ತುಂಬ ಬೂದಿ ಇತ್ತು.