ಅಕ್ಕನ ಹತ್ತು ರೂಪಾಯಿಯ ಫೋಟೊ

ನಾನು ಚಿಕ್ಕವನಿದ್ದಾಗ ನಮ್ಮ ಮನೆಯ ಗೋಡೆಯ ಮೇಲೆ ದೇವರದು ಬಿಟ್ಟರೆ ಯಾರ ಫೋಟೊವೂ ಇರಲಿಲ್ಲ. ಅವ್ವನದೂ ಇರಲಿಲ್ಲ. ಅವಳು ತೀರಿಕೊಂಡಾಗ ನನಗೆ ಮೂರು ವರ್ಷವಂತೆ. ಅವಳ ಮುಖ ಹೇಗಿತ್ತೆಂದು ಇವತ್ತಿಗೂ ನನಗೆ ಗೊತ್ತಿಲ್ಲ. ನನ್ನನ್ನು ಬೆಳೆಸಿದವಳು ಅಕ್ಕ. ಹೂವಿನಹಡಗಲಿ ಹತ್ತಿರದ ನಮ್ಮ ಹಳ್ಳಿಯಲ್ಲಿ ಅವಳು ಬೆಳಗಿನ ಜಾವ ಮಲ್ಲಿಗೆ ಮೊಗ್ಗು ಬಿಡಿಸಲು ಹೋಗುತ್ತಿದ್ದಳು. ಬಂದು ನನ್ನ ತಲೆ ಬಾಚಿದರೆ ಶಾಲೆ ಬಿಡುವವರೆಗೂ ಕೂದಲು ಘಮಘಮ ಅನ್ನುತ್ತಿತ್ತು.

ಅಕ್ಕನಿಗೆ ಹರಪನಹಳ್ಳಿ ಕಡೆಯಿಂದ ಸಂಬಂಧ ಬಂತು. ಮೊದಲು ಫೋಟೊ ಕಳಿಸಿ ಎಂದರು. ಸ್ಟುಡಿಯೊಗೆ ಹೋಗಿದ್ದರೆ ಮೂರು ರೂಪಾಯಿಗೆ ಮುಗಿಯುತ್ತಿತ್ತು. ಆದರೆ ಲಗ್ನದ ಹುಡುಗಿ ಪೇಟೆಯ ಅಂಗಡಿಯಲ್ಲಿ ಕೂತು ಫೋಟೊ ತೆಗೆಸಿಕೊಂಡಳೆಂದರೆ ಓಣಿಯವರು ಆಡಿಕೊಳ್ಳುತ್ತಿದ್ದ ಕಾಲ ಅದು. ಅದಕ್ಕೇ ಅಪ್ಪ ಫೋಟೊದ ಸಾಹೇಬರನ್ನೇ ಮನೆಗೆ ಕರೆಸಿದ. ಮನೆಗೆ ಬಂದರೆ ಹತ್ತು ರೂಪಾಯಿ, ಮೇಲೆ ಬಸ್ ಚಾರ್ಜು, ಊಟ. ಅಪ್ಪ ಒಂದು ವಾರ ಹೂವಿನ ಬುಟ್ಟಿ ಹೊತ್ತರೂ ಅಷ್ಟು ಸಿಗುತ್ತಿರಲಿಲ್ಲ.

ಲಗ್ನವೆಂದರೆ ಅಕ್ಕ ಹೋಗುತ್ತಾಳೆ ಎನ್ನುವುದಷ್ಟೇ ನನಗೆ ತಿಳಿದಿತ್ತು. ಹೋಗುವ ಮೊದಲು ಅವಳ ಪಕ್ಕ ನಿಂತು ನಾನೂ ಒಂದು ಫೋಟೊದಲ್ಲಿ ಇರಬೇಕು ಅಂತ ಆಸೆಯಾಗಿತ್ತು.

ಸಾಹೇಬರು ಬಂದರು. ಅವರ ಮೈಯಿಂದ ಅತ್ತರಿನ ವಾಸನೆ, ಕ್ಯಾಮೆರಾದಿಂದ ಹಳೆಯ ಚರ್ಮದ ಚೀಲದ ವಾಸನೆ.

"ಸಾಹೇಬ್ರ, ನಮ್ಮ ತಮ್ಮನ ಜೋಡಿ ಇನ್ನೊಂದು ತಗೀರಿ" ಎಂದು ಅಕ್ಕ ಮೆಲ್ಲಗೆ ಕೇಳಿದಳು.

"ತಗೀತೀನಿ ಬೇಟಿ, ಇನ್ನೈದು ರೂಪಾಯಿ ಆಕ್ಕೈತಿ. ರೀಲು ನಮ್ಮ ಹೊಲದಾಗ ಬೆಳೆಯಂಗಿಲ್ಲ."

"ಹಂಗಾದ್ರ ಇದ್ರಾಗ ಇವನೂ ನಿಲ್ಲಲೇನ್ರಿ?"

"ಗಂಡಿನವರು ಇವನನ್ನೂ ಕಳಸ್ರಿ ಅಂದ್ರ ಏನ್ ಮಾಡ್ತಿ?" ಸಾಹೇಬರು ನಕ್ಕರು. ಅಪ್ಪ ನಗಲಿಲ್ಲ. ಅಂಗಿಯ ಜೇಬು ಮುಟ್ಟಿಕೊಂಡು ನೆಲ ನೋಡಿದ.

ಆಮೇಲೆ ಗೊತ್ತಾಯಿತು, ಹಿಂದೆ ಕಟ್ಟುವ ಪರದೆಯನ್ನು ಸಾಹೇಬರು ಬಸ್ಸಿನಲ್ಲೇ ಬಿಟ್ಟು ಬಂದಿದ್ದರು. ನಮ್ಮ ಗೋಡೆಯೋ ಮಣ್ಣು ಉದುರಿದ್ದು. ಕಡೆಗೆ ಅಂಗಳದಲ್ಲಿ ಮನೆಯ ಜಮಖಾನವನ್ನೇ ಪರದೆ ಮಾಡಿದೆವು. ಒಂದು ಮೂಲೆ ಅಪ್ಪ ಹಿಡಿದ, ಇನ್ನೊಂದನ್ನು ನಾನು ಒರಳುಕಲ್ಲಿನ ಮೇಲೆ ಹತ್ತಿ ನಿಂತು ಹಿಡಿದೆ. ಜಮಖಾನದ ಹಿಂದೆ ನಾನು, ಮುಂದೆ ಅಕ್ಕ. ಧೂಳು ಮೂಗಿಗೆ ಬಡಿಯುತ್ತಿತ್ತು, ಬಿಸಿಲಿಗೆ ಬೆನ್ನು ಸುಡುತ್ತಿತ್ತು. ಅವಳ ಬಳೆಯ ಸದ್ದು ಕೇಳುತ್ತಿತ್ತು, ಅವಳು ಕಾಣುತ್ತಿರಲಿಲ್ಲ.

"ಅಲುಗಬ್ಯಾಡವ್ವ" ಎಂದರು ಸಾಹೇಬರು. ನಾನು ಮೆಲ್ಲಗೆ ನಾಲ್ಕು ಬೆರಳುಗಳನ್ನು ಜಮಖಾನದ ಅಂಚಿನ ಮೇಲಿಂದ ಆ ಕಡೆಗೆ ಇಳಿಬಿಟ್ಟೆ. ಟಕ್ ಅಂತು.

ವಾರದ ಮೇಲೆ ಫೋಟೊ ಬಂತು. ಅಪ್ಪ ಬೆಳಕಿಗೆ ಹಿಡಿದು ನೋಡಿದ.

"ಲೇ, ಏನೋ ಇದು? ಜಮಖಾನದ ಮ್ಯಾಲೆ ಹಲ್ಲಿ ಕುಂತಂಗ ಐತಲ್ಲೋ!" ಎಂದು ನನ್ನ ಕಿವಿ ಹಿಂಡಿದ.

ಅಕ್ಕ ಮಾತ್ರ ಆ ಬೆರಳುಗಳನ್ನು ಮುಟ್ಟಿ ನೋಡಿದಳು. "ಇರ್ಲಿ ಬಿಡಪ್ಪ. ನನ್ನ ಜೋಡಿ ಅದಾನಲ್ಲ."

ಇದ್ದ ಒಂದೇ ಫೋಟೊ ಹರಪನಹಳ್ಳಿಗೆ ಹೋಯಿತು. ಹಿಂದೆಯೇ ಅಕ್ಕನೂ ಹೋದಳು. ಮೊದಲ ಸಲ ಅವಳ ಮನೆಗೆ ಹೋದಾಗ ನಾನು ಹುಡುಕಿದ್ದು ಆ ಫೋಟೊವನ್ನು. ನಡುಮನೆಯಲ್ಲಿ ಗಾಜು ಹಾಕಿ ತೂಗುಬಿಟ್ಟಿದ್ದರು. ಪೆಟ್ಟಿಗೆಯ ಮೇಲೆ ಹತ್ತಿ ನೋಡಿದೆ. ಚೌಕಟ್ಟಿಗೆ ಸರಿಹೋಗಲೆಂದು ಫ್ರೇಮಿನವನು ಮೇಲಿನ ಅಂಚನ್ನು ಕತ್ತರಿಸಿಬಿಟ್ಟಿದ್ದ. ಅಕ್ಕ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ನಾನು ಪೆಟ್ಟಿಗೆಯಿಂದ ಇಳಿದೆ. ಬಸ್ಸಿನಲ್ಲಿ ಊರಿಗೆ ಮರಳುವಾಗ ದಾರಿಯುದ್ದಕ್ಕೂ ನನ್ನ ಬೆರಳುಗಳನ್ನೇ ನೋಡಿಕೊಂಡು ಕೂತಿದ್ದೆ.

ಮೊದಲ ಹೆರಿಗೆಯಲ್ಲೇ ಅಕ್ಕ ಹೋಗಿಬಿಟ್ಟಳು. ಹರಪನಹಳ್ಳಿಯ ಆ ಫೋಟೊ ಮತ್ತೆ ನಮ್ಮ ಕೈಗೆ ಬರಲಿಲ್ಲ. ಮುಂದೆ ನಮ್ಮ ಮನೆತನದಲ್ಲಿ ಮೊದಲು ಡಿಗ್ರಿ ಮುಗಿಸಿದವನು ನಾನು. ಕಪ್ಪು ಗೌನು ತೊಟ್ಟ ಡಿಗ್ರಿಯ ಫೋಟೊವನ್ನು ನನ್ನ ದುಡಿಮೆಯ ದುಡ್ಡಿನಲ್ಲೇ ತೆಗೆಸಿದೆ, ಹೇಳಿಕೊಳ್ಳಲು ಹೆಮ್ಮೆಯೇ. ಅವತ್ತು ಜೇಬಿನಲ್ಲಿ ದುಡ್ಡಿತ್ತು, ಪಕ್ಕದಲ್ಲಿ ನಿಲ್ಲಿಸಿಕೊಳ್ಳಲು ಅಕ್ಕ ಇರಲಿಲ್ಲ.

ಈಗ ನೀವು ಕೈ ಚಾಚಿ ಫೋನು ಹಿಡಿದರೆ ಸಾಕು, ಮನೆಮಂದಿಯೆಲ್ಲ ಒಂದೇ ಫೋಟೊದಲ್ಲಿ, ತೆಗೆದವರೂ ಅದರೊಳಗೇ. ಚೆನ್ನಾಗಿಲ್ಲ ಅನಿಸಿದರೆ ಅಳಿಸಿ ಇನ್ನೊಂದು ತೆಗೆಯುತ್ತೀರಿ. ತೆಗೆಯಿರಿ, ಬೇಡ ಅನ್ನುವುದಿಲ್ಲ. ಆದರೆ ನನ್ನ ಅಕ್ಕನನ್ನು ನಿಮಗೆ ತೋರಿಸಲು ನನ್ನ ಹತ್ತಿರ ಮಾತು ಮಾತ್ರ ಇದೆ. ಕೇಳಿ: ಅವಳ ಮುಂದಿನ ಹಲ್ಲೊಂದು ಪಕ್ಕದ ಹಲ್ಲಿನ ಮೇಲೆ ಚೂರು ಏರಿತ್ತು. ನಗುವಾಗ ಸೆರಗಿನಿಂದ ಬಾಯಿ ಮುಚ್ಚಿಕೊಳ್ಳುತ್ತಿದ್ದಳು. ನನ್ನ ಮುಂದೆ ಮಾತ್ರ ಮುಚ್ಚಿಕೊಳ್ಳುತ್ತಿರಲಿಲ್ಲ.