ಓಳೀತ, ಒಳಗ

ಆ ದಿನ ನಾನು ಯಾವ ಶಬ್ದ ಹೇಳಿದೆ ಎಂಬುದು ನನಗೆ ಖಚಿತವಿಲ್ಲ. ಹೇಳಬೇಕೆಂದಿದ್ದ ಶಬ್ದ ಗೊತ್ತಿದೆ. ಕೇಳಿದವರ ಕಿವಿಗೆ ಬಿದ್ದದ್ದು ಯಾವುದೆಂಬುದೂ ಆಮೇಲೆ ಗೊತ್ತಾಯಿತು. ಇವೆರಡರ ನಡುವೆ ನನ್ನ ಬಾಯಿಂದ ನಿಜಕ್ಕೂ ಹೊರಟದ್ದು ಏನು ಎಂದು ಎಷ್ಟೋ ಸಲ ನೆನಪಿಸಿಕೊಳ್ಳಲು ನೋಡಿದ್ದೇನೆ. ಪ್ರತಿ ಸಲವೂ ನೆನಪು ನನ್ನ ಪರವಾಗಿಯೇ ಸಾಕ್ಷಿ ಹೇಳುತ್ತದೆ. ಅದಕ್ಕೇ ಅದನ್ನು ನಂಬುವುದಿಲ್ಲ.

ಎರಡು ಸಾವಿರದ ಹತ್ತರ ಆಸುಪಾಸು. ಧಾರವಾಡದಲ್ಲಿ ಭೌತಶಾಸ್ತ್ರದ ಎಂ.ಎಸ್ಸಿ. ಮುಗಿಸಿ, ಎರಡು ಕಾಲೇಜುಗಳಲ್ಲಿ ಪಾಠ ಹೇಳಿ, ಎರಡನ್ನೂ ಬಿಟ್ಟು, ಪುಣೆಯ ಒಂದು ಸಣ್ಣ ಕಂಪನಿ ಸೇರಿದ್ದೆ. ಗೋದಾಮುಗಳಿಗೆ ಆರ್‌ಎಫ್‌ಐಡಿ ವ್ಯವಸ್ಥೆ ಕೂಡಿಸಿಕೊಡುವುದು ಅವರ ವ್ಯಾಪಾರ. ನನ್ನನ್ನು ನಾಸಿಕಕ್ಕೆ ಹಾಕಿದರು. ಕರಾವಳಿಯವರ ಒಂದು ಹೋಟೆಲಿನ ಮೇಲಿನ ಕೋಣೆಯಲ್ಲಿದ್ದುಕೊಂಡು ದಿನಾ ಬೆಳಿಗ್ಗೆ ಬಸ್ಸಿನಲ್ಲಿ ಸಿನ್ನರಿಗೆ ಹೋಗುತ್ತಿದ್ದೆ.

ಸಿನ್ನರಿನ ಆ ಕಾರ್ಖಾನೆ ವಾಹನಗಳ ಬ್ರೇಕಿಗೆ ಬೇಕಾದ ಉಕ್ಕಿನ ಬಿಡಿಭಾಗಗಳನ್ನು ಮಾಡುತ್ತಿತ್ತು. ಅವು ನೀಲಿ ಪ್ಲಾಸ್ಟಿಕ್ ಕ್ರೇಟುಗಳಲ್ಲಿ ತುಂಬಿಕೊಂಡು ಲಾರಿಯಲ್ಲಿ ಔರಂಗಾಬಾದಿಗೆ, ಅಂದರೆ ಈಗಿನ ಛತ್ರಪತಿ ಸಂಭಾಜಿನಗರಕ್ಕೆ, ಅಲ್ಲಿನ ವಾಹನ ತಯಾರಕರ ಬಳಿ ಹೋಗುತ್ತಿದ್ದವು. ಖಾಲಿ ಕ್ರೇಟುಗಳು ತಿರುಗಿ ಬರಬೇಕು. ಎಲ್ಲವೂ ಬರುತ್ತಿರಲಿಲ್ಲ. ಎಲ್ಲಿ ಹೋಗುತ್ತವೆ ಎಂದು ಯಾರಿಗೂ ಹೇಳಲು ಬರುತ್ತಿರಲಿಲ್ಲವಾದ್ದರಿಂದ ನಮ್ಮನ್ನು ಕರೆಸಿದ್ದರು.

ನಾವು ಪ್ರತಿ ಕ್ರೇಟಿನ ಒಂದು ಪಕ್ಕಕ್ಕೆ ಒಂದೊಂದು ಸ್ಟಿಕ್ಕರ್ ಅಂಟಿಸಿದೆವು. ಅದರೊಳಗೆ ಸಾಸಿವೆಗಿಂತ ಚಿಕ್ಕ ಚಿಪ್, ಸುತ್ತ ತೆಳುವಾದ ಲೋಹದ ಗೆರೆ. ಬ್ಯಾಟರಿ ಇಲ್ಲ. ಗೋದಾಮಿನ ಬಾಗಿಲ ಎರಡೂ ಕಡೆ ನಿಲ್ಲಿಸಿದ ರೀಡರ್ ರೇಡಿಯೊ ತರಂಗ ಬಿಡುತ್ತದೆ. ಆ ತರಂಗದ ಬಲದಿಂದಲೇ ಚಿಪ್ ಎಚ್ಚೆತ್ತು ತನ್ನ ನಂಬರು ಹೇಳುತ್ತದೆ. ಯಾವ ಕ್ರೇಟು ಹೊರಗೆ ಹೋಯಿತು, ಯಾವುದು ಒಳಗೆ ಬಂತು ಎಂದು ಕಂಪ್ಯೂಟರಿನಲ್ಲಿ ದಾಖಲಾಗುತ್ತದೆ. ಸ್ಟಿಕ್ಕರ್ ಕಣ್ಣಿಗೆ ಕಾಣಬೇಕಾಗಿಲ್ಲ. ಆದರೆ ಕಬ್ಬಿಣ ಅಡ್ಡ ಬಂದರೆ ತರಂಗ ದಾಟುವುದಿಲ್ಲ.

ಗೋದಾಮಿನ ಸೂಪರ್‌ವೈಸರ್ ನಮ್ಮವರೇ, ವಿಜಯಪುರದ ಇಂಡಿ ಕಡೆಯವರು. ನಾನು ಅವರನ್ನು ಕಾಕಾ ಎನ್ನುತ್ತಿದ್ದೆ. ಮನೆ ನಿಫಾಡಿನಲ್ಲಿ, ಹೆಂಡತಿ ಅಲ್ಲಿನ ದ್ರಾಕ್ಷಿ ತೋಟಗಳಿಗೆ ಕೆಲಸಕ್ಕೆ ಹೋಗುತ್ತಿದ್ದರು. ಹನ್ನೊಂದು ವರ್ಷದಿಂದ ಅದೇ ಗೋದಾಮಿನಲ್ಲಿದ್ದರೂ ಅವರದು ಇನ್ನೂ ವರ್ಷವರ್ಷ ಮುಂದುವರಿಸುವ ಹಂಗಾಮಿ ಕೆಲಸ. ಪರಿಚಯವಾದ ದಿನವೇ ಅದನ್ನು ಹೇಳಿದ್ದರು: "ಬರೋ ಏಪ್ರಿಲ್‌ಗೆ ಪರ್ಮನಂಟ್ ಮಾಡ್ತೀವಿ ಅಂದಾರ್ರಿ ಸರ. ಆರ್ಡರ್ ಟೈಪ್ ಆಗೇತಿ, ಸಹಿ ಒಂದು ಆಗ್ಬೇಕು."

ನನ್ನ ಮರಾಠಿ ಗೋದಾಮಿನಲ್ಲಿ ಎಲ್ಲರಿಗೂ ತಮಾಷೆಯ ವಿಷಯ. ಒಮ್ಮೆ ಹಮಾಲರು ಚಹಾ ಕೊಡಲು ಬಂದಾಗ, ಬೇಡ, ಈಗಷ್ಟೇ ಆಯಿತು ಎನ್ನಲು ಹೋಗಿ 'ನಕೋ, ಈಗಷ್ಟೇ ಝಾಲಾ' ಎಂದುಬಿಟ್ಟಿದ್ದೆ. ಆಮೇಲೆ ತಿಂಗಳುಗಟ್ಟಲೆ, ಲಾರಿ ತುಂಬಿ ಆಯಿತೇ ಎಂದು ಯಾರು ಕೇಳಿದರೂ ಉತ್ತರ ಅದೇ: 'ಈಗಷ್ಟೇ ಝಾಲಾ.' ಕನ್ನಡ ಬಾರದ ಹಮಾಲರಿಗೂ 'ಈಗಷ್ಟೇ' ಎಂಬ ಆ ಒಂದು ಶಬ್ದ ಬಾಯಿಪಾಠವಾಗಿತ್ತು. ಕಾಕಾ ಬೇರೆ ಸೇರಿಸುತ್ತಿದ್ದರು: "ನಮ್ಮ ಸರ ಮರಾಠಿ ಮಾತಾಡಿದ್ರ ಮರಾಠಿ ಮಂದಿಗೆ ಕನ್ನಡ ಬರ್ತದ."

ವ್ಯವಸ್ಥೆ ಶುರುವಾದ ದಿನ ಹಮಾಲರಿಗೆ ತರಬೇತಿ ಕೊಟ್ಟೆ. ಮ್ಯಾನೇಜರ್ ಸಾಹೇಬರೂ ಬಂದು ನಿಂತಿದ್ದರು. ಅವರೆದುರು ನಾನೂ ಕಾಕಾನೂ ಕನ್ನಡದಲ್ಲಿ ಮಾತಾಡಿಕೊಂಡರೆ ಚೆನ್ನಾಗಿರುವುದಿಲ್ಲವೆಂದು ಕಾಕಾಗೂ ಮರಾಠಿಯಲ್ಲೇ ಹೇಳಿದೆ. ಎಲ್ಲ ಸ್ಟಿಕ್ಕರುಗಳೂ ಹೊರಮುಖವಾಗಿ ಒಂದೇ ಸಾಲಿನಲ್ಲಿ ಬರುವಂತೆ ಕ್ರೇಟುಗಳನ್ನು ಒಟ್ಟಬೇಕು ಎಂಬುದು ನನ್ನ ಮನಸ್ಸಿನಲ್ಲಿದ್ದ ಮಾತು. ಮರಾಠಿಯಲ್ಲಿ ಸಾಲಿಗೆ 'ಓಳ್' ಎನ್ನುತ್ತಾರೆ, ಸಾಲಿನಲ್ಲಿ ಎನ್ನಲು 'ಓಳೀತ'. 'ಸಗಳೇ ಸ್ಟಿಕ್ಕರ್ ಓಳೀತ ಠೇವಾ' ಎಂದೆ. ಹಾಗೆಂದೆ ಎಂದು ನೆನಪು. ಆ ಶಬ್ದವನ್ನು ಅದೇ ವಾರ ಬಸ್ ನಿಲ್ದಾಣದಲ್ಲಿ ಕಲಿತಿದ್ದೆ. ಸರದಿಯಲ್ಲಿ ನಿಲ್ಲಿ ಎಂದು ಕಂಡಕ್ಟರ್ ಗದರಿಸಿದಾಗ. ಕಾಕಾ ತಲೆಯಾಡಿಸಿದರು. ಹಮಾಲರ ಕಡೆ ತಿರುಗಿ ತಮ್ಮ ಚೊಕ್ಕ ಮರಾಠಿಯಲ್ಲಿ ಏನೋ ಹೇಳಿದರು. ನನ್ನ ಮಾತನ್ನೇ ತಿದ್ದಿ ಹೇಳುತ್ತಿದ್ದಾರೆ ಎಂದುಕೊಂಡು ನಾನು ಕಂಪ್ಯೂಟರಿನ ಕಡೆ ಹೋದೆ.

ಫೆಬ್ರವರಿಯಲ್ಲಿ ಗೋದಾಮಿನ ದಾಸ್ತಾನು ಎಣಿಸಿದರು. ಕಂಪ್ಯೂಟರಿನ ಪ್ರಕಾರ ಗೋದಾಮಿನಲ್ಲೇ ಇರಬೇಕಾದ ಎಂಬತ್ತನಾಲ್ಕು ಕ್ರೇಟುಗಳು ಅಲ್ಲಿರಲಿಲ್ಲ. ಹಿಂದೆ ಕ್ರೇಟು ಕಡಿಮೆ ಬಿದ್ದರೆ ದಾರಿಯಲ್ಲಿ ಹೋಯಿತು, ಆ ಕಡೆಯವರು ಕೊಡಲಿಲ್ಲ ಎಂದು ಮಾತು ಮುಗಿಯುತ್ತಿತ್ತು. ಈಗ ಯಂತ್ರ ಹೇಳುತ್ತಿತ್ತು: ಇವು ಬಾಗಿಲು ದಾಟಿಲ್ಲ. ಬಾಗಿಲು ದಾಟದೆ ಕಾಣೆಯಾಗಿವೆ ಎಂದರೆ ಯಾರೋ ಬೇರೆ ದಾರಿಯಿಂದ ಸಾಗಿಸಿದ್ದಾರೆ. ಗೋದಾಮಿನ ಕೀಲಿಕೈ ಇದ್ದದ್ದು ಕಾಕಾ ಹತ್ತಿರ. ದ್ರಾಕ್ಷಿ ಕೊಯ್ಲಿನ ಕಾಲ ಬೇರೆ, ಹಣ್ಣು ತುಂಬಲು ಎಲ್ಲ ತೋಟದವರಿಗೂ ಕ್ರೇಟು ಬೇಕು. ನಿಫಾಡಿನ ತೋಟವೊಂದರಲ್ಲಿ ನಮ್ಮಂಥದೇ ನೀಲಿ ಕ್ರೇಟು ನೋಡಿದ್ದಾಗಿ ಲಾರಿಯವನೊಬ್ಬ ಹೇಳಿದ್ದನಂತೆ.

ಸಾಹೇಬರು ಇಬ್ಬರನ್ನೂ ಕರೆಸಿದರು. ಯಂತ್ರ ತಪ್ಪು ಮಾಡುತ್ತದೆಯೇ ಎಂದು ನನ್ನನ್ನು ಕೇಳಿದರು. ಪರೀಕ್ಷೆಯಲ್ಲಿ ಒಂದನ್ನೂ ಬಿಟ್ಟಿಲ್ಲ ಎಂದೆ. ಅದು ನಿಜ. ಪರೀಕ್ಷೆಯ ದಿನ ಮಾಲು ತಯಾರಿರಲಿಲ್ಲ, ಖಾಲಿ ಕ್ರೇಟುಗಳನ್ನೇ ಓಡಿಸಿ ನೋಡಿದ್ದೆ ಎಂಬುದೂ ನಿಜ, ಅದನ್ನು ಹೇಳಲಿಲ್ಲ. ಆಗ ಹೊಳೆದಿರಲಿಲ್ಲ ಎಂದು ನೆನಪು ಹೇಳುತ್ತದೆ. ಕಾಕಾಗೆ ವಿವರಣೆ ಕೊಡಲು ಎಂಟು ದಿನ ಸಿಕ್ಕಿತು. ಟೈಪಾದ ಆರ್ಡರು ಸಾಹೇಬರ ಮೇಜಿನ ಮೇಲೆಯೇ ಉಳಿಯಿತು.

ಮರುದಿನ ಕಾಕಾ ನನ್ನ ಹತ್ತಿರ ಬಂದು, ಕೈಯಲ್ಲಿ ಹಿಡಿಯುವ ಸಣ್ಣ ರೀಡರ್ ತೆಗೆದುಕೊಂಡು ನಿಫಾಡಿಗೆ ಬರಬೇಕು ಎಂದರು. ಸಾಹೇಬರಿಗೆ ತಿಳಿಸಿಯೇ ಹೋದೆವು. ಆ ತೋಟದಲ್ಲಿ ನೀಲಿ ಕ್ರೇಟುಗಳು ನೂರಾರಿದ್ದವು. ಅಲ್ಲಿಯವರು ಅದಕ್ಕೆ 'ಕ್ಯಾರೆಟ್' ಎನ್ನುತ್ತಾರೆ; ದ್ರಾಕ್ಷಿ ತೋಟದಲ್ಲಿ ಗಜ್ಜರಿಯ ಮಾತೇಕೆ ಎಂದು ನನಗೆ ಕ್ಷಣ ಹೊತ್ತು ತಿಳಿಯಲಿಲ್ಲ. ತೋಟದ ಮಾಲೀಕರು ನನ್ನ ಕೈಯಲ್ಲಿದ್ದುದನ್ನು ಹಣ್ಣಿನ ಸಿಹಿ ಅಳೆಯುವ ಯಂತ್ರವೆಂದು ತಿಳಿದು, ತಮ್ಮ ಹಣ್ಣಿನ ಸಿಹಿ ಎಷ್ಟು ಬಂತು ಎಂದು ಕೇಳಿದರು. ಎಲ್ಲ ಕ್ರೇಟುಗಳ ಮುಂದೆಯೂ ಹಿಡಿದು ನೋಡಿದೆ. ರೀಡರ್ ಒಮ್ಮೆಯೂ ಸದ್ದು ಮಾಡಲಿಲ್ಲ. ನಾಸಿಕದ ಪೇಟೆಯಲ್ಲಿ ಯಾರು ಬೇಕಾದರೂ ಕೊಳ್ಳುವ ಕ್ರೇಟುಗಳು ಅವು.

ಬೈಕಿನಲ್ಲಿ ತಿರುಗಿ ಬರುವಾಗ ಕಾಕಾ ಕೇಳಿದರು: "ಇಲ್ಲಿ ಸಿಗಲಿಲ್ಲ ಅಂದ್ರ ನಾ ಮಾರಿಲ್ಲ ಅಂತ ಆಗ್ತದೇನ್ರೀ ಸರ?"

"ಇಲ್ಲ ಕಾಕಾ," ಎಂದೆ. "ಸ್ಟಿಕ್ಕರ್ ಕಿತ್ತಿ ಮಾರಿರಬಹುದು ಅಂತಾರ."

"ಕಲಿತವ್ರ ಜೋಡಿ ಹೋದ್ರ ಇದಽ ತ್ರಾಸು," ಎಂದರು.

ಸಿನ್ನರ್ ಮುಟ್ಟಿದಾಗ ಗೋದಾಮಿನಲ್ಲಿ ಔರಂಗಾಬಾದಿನ ಲಾರಿ ತುಂಬುತ್ತಿದ್ದರು. ಕ್ರೇಟುಗಳನ್ನು ಎರಡು ಸಾಲಿಗೆ ಎರಡೆರಡರಂತೆ, ನಾಲ್ಕು ಎತ್ತರಕ್ಕೆ ಒಟ್ಟಿದ ಒಂದು ಅಟ್ಟಿ ನನ್ನ ಪಕ್ಕದಲ್ಲೇ ಇತ್ತು. ಸುತ್ತ ಒಂದು ಸುತ್ತು ಹೊಡೆದೆ. ಒಂದೂ ಸ್ಟಿಕ್ಕರ್ ಕಾಣಲಿಲ್ಲ. ಮೇಲಿನ ಕ್ರೇಟು ಸರಿಸಿದಾಗ ಕಂಡಿತು: ಎಲ್ಲ ಸ್ಟಿಕ್ಕರುಗಳೂ ನಡುವಿನ ಕಡೆಗೆ, ಎದುರು ಕ್ರೇಟಿಗೆ ಮುಖ ಹಾಕಿ ಕೂತಿದ್ದವು. ಆಚೆ ಈಚೆ ಉಕ್ಕು ತುಂಬಿದ ಕ್ರೇಟು, ನಡುವೆ ಸ್ಟಿಕ್ಕರು.

ಹೀಗೇಕೆ ಇಟ್ಟಿದ್ದೀರಿ ಎಂದು ಕಾಕಾರನ್ನು ಕೇಳಿದೆ.

"ನೀವಽ ಅಂದ್ರಲ್ರೀ, ಸ್ಟಿಕ್ಕರ್ ಒಳಗ ಇಡ್ರಿ ಅಂತ."

"ನಾ ಓಳೀತ ಅಂದೆ ಕಾಕಾ. ಓಳೀತ. ಸಾಲಾಗಿ."

ಕಾಕಾ ನನ್ನ ಕಡೆ ತಿರುಗಿದರು. "ಬ್ಯಾರೆಯವ್ರು ಅಂದಿದ್ರ ಓಳೀತ ಅಂತಽ ತಿಳೀತಿದ್ದೆ. ನೀವು ಅಂದ್ರಿ ಅಂತ ಹೇಳಿ ಒಳಗ ಅಂತ ತಿಳ್ಕೊಂಡೆ. ಈಗಷ್ಟೇ ಝಾಲಾ ಅನ್ನೋ ಮಂದಿ ನೀವು. ಒಳಗ ಅನ್ನೋದಕ್ಕ ಮರಾಠಿ ಬಾಲ ಹಚ್ಚೀರಿ ಅಂದ್ಕೊಂಡ್ನಿ."

ಇನ್ನೊಂದು ಮಾತನ್ನೂ ಹೇಳಿದರು. ಹಿಂದಿನ ಕಾಗದದ ಚೀಟಿಗಳು ಲಾರಿಯ ಹಗ್ಗ ಉಜ್ಜಿ ಹರಿಯುತ್ತಿದ್ದವು. ಚೀಟಿ ಹರಿದ ಕ್ರೇಟನ್ನು ಔರಂಗಾಬಾದಿನವರು ಇಳಿಸಿಕೊಳ್ಳುತ್ತಿರಲಿಲ್ಲ. ಆದ್ದರಿಂದ ಈ ತುಟ್ಟಿ ಸ್ಟಿಕ್ಕರನ್ನು ಒಳಗೆ ಇಡಿ ಎಂದದ್ದು ಅವರಿಗೆ ಬುದ್ಧಿವಂತಿಕೆಯ ಮಾತಾಗಿಯೇ ಕೇಳಿಸಿತ್ತು. ನನ್ನ ಬಗ್ಗೆ ಸ್ವಲ್ಪ ಗೌರವವೂ ಬಂದಿತ್ತಂತೆ.

ಅದೇ ಅಟ್ಟಿಯನ್ನು ಬಾಗಿಲಿನಿಂದ ದಾಟಿಸಿದೆವು. ಹದಿನಾರರಲ್ಲಿ ಐದು ಓದಿತು. ಸ್ಟಿಕ್ಕರ್ ಹೊರಗೆ ತಿರುಗಿಸಿ ಮತ್ತೆ ದಾಟಿಸಿದೆವು. ಹದಿನಾರೂ ಓದಿತು. ಅಲ್ಲಿಗೆ ಸಂಗತಿ ತಿಳಿಯಿತು. ಕ್ರೇಟುಗಳು ಈ ಬಾಗಿಲಿನಿಂದಲೇ ಹೊರಗೆ ಹೋಗಿದ್ದವು. ಯಂತ್ರಕ್ಕೆ ಕಂಡಿರಲಿಲ್ಲ, ಅಷ್ಟೆ. ಖಾಲಿಯಾಗಿ ತಿರುಗಿ ಬಂದವನ್ನು ಅದು ಸರಿಯಾಗಿ ಓದುತ್ತಿತ್ತು. ಮೊದಲೇ ಒಳಗಿವೆ ಎಂದುಕೊಂಡವು ಮತ್ತೆ ಒಳಗೆ ಬಂದರೆ ಅದಕ್ಕೆ ಅನುಮಾನ ಬರುವಂತೆ ನಾವು ಮಾಡಿರಲಿಲ್ಲ. ತಿರುಗಿ ಬಾರದವು ಔರಂಗಾಬಾದಿನಲ್ಲಿರಬೇಕು.

ಮರುದಿನ ಬೆಳಿಗ್ಗೆ ಲಾರಿಯಲ್ಲಿ ನಾವಿಬ್ಬರೂ ಹೊರಟೆವು. ಔರಂಗಾಬಾದಿನಲ್ಲಿ ರೀಡರ್ ಇನ್ನೂ ಕೂಡಿಸಿರಲಿಲ್ಲ; ಅಲ್ಲಿಯವರು ಬಿಡಿಭಾಗಗಳನ್ನು ಎಣಿಸುತ್ತಿದ್ದರೇ ಹೊರತು ಕ್ರೇಟುಗಳನ್ನಲ್ಲ. ಖಾಲಿ ಕ್ರೇಟುಗಳು ಕಾರ್ಖಾನೆಯ ಹಿಂದಿನ ಬಯಲಿನಲ್ಲಿ, ಬೇರೆ ಬೇರೆ ಕಂಪನಿಗಳವು ಒಂದರ ಮೇಲೊಂದು ರಾಶಿ ಬಿದ್ದಿದ್ದವು. ಕಾಣೆಯಾದ ಎಂಬತ್ತನಾಲ್ಕು ನಂಬರುಗಳನ್ನು ಸಣ್ಣ ರೀಡರಿಗೆ ಕೊಟ್ಟಿದ್ದೆ; ಅವುಗಳಲ್ಲಿ ಒಂದು ಎದುರಾದರೆ ಮಾತ್ರ ಸದ್ದು ಮಾಡುತ್ತದೆ. ಮೊದಲ ರಾಶಿಯ ಹತ್ತಿರವೇ ಮಾಡಿತು. ಕಾಕಾ ಚಪ್ಪಲಿ ಬಿಟ್ಟು ರಾಶಿಯ ಮೇಲೆ ಹತ್ತಿ ಒಂದೊಂದನ್ನೇ ಕೆಳಗಿಳಿಸಿದರು. ಮಧ್ಯಾಹ್ನದ ಊಟದ ಹೊತ್ತಿಗೆ ಎಪ್ಪತ್ತೊಂಬತ್ತು ಸಿಕ್ಕವು. ಐದು ಸಿಗಲಿಲ್ಲ.

"ಆ ಐದು ನಾ ಮಾರೀನಿ ಅಂತ ಬರ್ಕೋರಿ," ಎಂದರು ಕಾಕಾ. ನಗಲಿಲ್ಲ.

ಸಾಹೇಬರು ಪಟ್ಟಿ ನೋಡಿದರು. ಐದರ ಬಗ್ಗೆ ಏನೂ ಹೇಳಲಿಲ್ಲ. ಅವರ ಪ್ರಶ್ನೆ ಬೇರೆಯಾಗಿತ್ತು: ಸ್ಟಿಕ್ಕರ್ ಒಳಗೆ ತಿರುಗಿಸಿ ಇಡಿ ಎಂದು ಹಮಾಲರಿಗೆ ಹೇಳಿದ್ದು ಯಾರು? ಸೂಪರ್‌ವೈಸರ್ ತಾನಾಗಿ ಹೇಳಿದ್ದರೆ ಅದು ನಿರ್ಲಕ್ಷ್ಯ. ನಿರ್ಲಕ್ಷ್ಯ ಮಾಡಿದವರ ಆರ್ಡರಿಗೆ ತಾನು ಸಹಿ ಹಾಕಲಾರೆ. ಬೇರೆಯವರು ಹೇಳಿಕೊಟ್ಟಿದ್ದರೆ ಮಾತು ಬೇರೆ.

ಕಾಕಾ ನನ್ನ ಕಡೆ ನೋಡಲಿಲ್ಲ. ಓಳೀತ, ಒಳಗ ಎಂಬ ಪುರಾಣವನ್ನೆಲ್ಲ ಸಾಹೇಬರಿಗೆ ಬಿಡಿಸಿ ಹೇಳಬಹುದಿತ್ತು. ಹೇಳಿದ್ದರೆ ಅದು ಕೇಳಿಸಿಕೊಂಡವರ ತಪ್ಪು ಎಂದು ಮುಗಿಯುತ್ತಿತ್ತೇನೋ.

"ನಾನೇ ಹೇಳಿದ್ದು," ಎಂದೆ, ಮರಾಠಿಯಲ್ಲಿ. "ಒಳಗೆ ಇಡಿ ಎಂದು."

ಬರೆದು ಕೊಡಿ ಎಂದರು. ಅಲ್ಲೇ ಕೂತು ಇಂಗ್ಲಿಷಿನಲ್ಲಿ ಬರೆದುಕೊಟ್ಟೆ: ತರಬೇತಿಯ ವೇಳೆ ನಾನು ತಪ್ಪು ಸೂಚನೆ ಕೊಟ್ಟೆ, ಸೂಪರ್‌ವೈಸರ್ ಅದನ್ನು ಹೇಳಿದಂತೆಯೇ ಪಾಲಿಸಿದರು. ಹೊರಗೆ ಬಂದ ಮೇಲೆ ಕಾಕಾ ಕೇಳಿದರು: "ಹೌದೇನ್ರೀ ಸರ? ಒಳಗ ಅಂದಿದ್ರಿ?"

"ಗೊತ್ತಿಲ್ಲ ಕಾಕಾ."

"ನನಗೂ ಈಗ ಗೊತ್ತಾಗವಲ್ದು," ಎಂದರು.

ನಮ್ಮ ಕಂಪನಿ ಆ ಕಾಗದದ ನಕಲು ನೋಡಿ ನನ್ನನ್ನು ಮಾರ್ಚ್ ಮುಗಿಯುವ ಮೊದಲೇ ಪುಣೆಗೆ ಕರೆಸಿಕೊಂಡಿತು. ಒಂದು ವರ್ಷದಲ್ಲಿ ಆ ಕೆಲಸವನ್ನೂ ಬಿಟ್ಟೆ. ತೊಂದರೆಯೆಂದರೆ, ಆ ದಿನದ ಬಗ್ಗೆ ಇರುವ ಒಂದೇ ಲಿಖಿತ ದಾಖಲೆ ನಾನು ಬರೆದದ್ದು. ಅದರಲ್ಲಿರುವಷ್ಟು ಖಾತ್ರಿ ಬರೆಯುವಾಗ ನನಗಿರಲಿಲ್ಲ. ಹಮಾಲರನ್ನು ಕೇಳಬಹುದಿತ್ತು, ಆದರೆ ಅವರು ಕೇಳಿಸಿಕೊಂಡದ್ದು ಕಾಕಾ ಹೇಳಿದ್ದನ್ನು, ನಾನು ಹೇಳಿದ್ದನ್ನಲ್ಲ. ಸಾಹೇಬರಂತೂ ಆ ಹೊತ್ತಿನಲ್ಲಿ ಫೋನಿನಲ್ಲಿದ್ದರು ಎಂದು ನೆನಪು. ಇದೂ ನೆನಪೇ.

ಏಳೆಂಟು ವರ್ಷಗಳ ನಂತರ ಬೇರೆ ಕೆಲಸದ ಮೇಲೆ ನಾಸಿಕಕ್ಕೆ ಹೋದಾಗ ಸಿನ್ನರಿನ ಆ ಕಾರ್ಖಾನೆಗೆ ಹೋಗಿ ಆಫೀಸಿನ ಗುಮಾಸ್ತರನ್ನು ವಿಚಾರಿಸಿದೆ. ಅವರು ಕಾಯಂ ನೌಕರರ ರಿಜಿಸ್ಟರ್ ತೆರೆದು ತೋರಿಸಿದರು. ಕಾಕಾರ ಹೆಸರು ಅದರಲ್ಲಿತ್ತು, ಆ ವರ್ಷದ ಏಪ್ರಿಲಿನಿಂದಲೇ. ಅದೇ ಗೋದಾಮಿನಿಂದ ಹಿಂದಿನ ವರ್ಷ ನಿವೃತ್ತರಾಗಿದ್ದರು.