ಮೂರನೇ ದಿನದ ಸೂಲಗಿತ್ತಿ

ಮಕ್ಕಳಿಲ್ಲದವರ ಆಸ್ಪತ್ರೆಯ ಲ್ಯಾಬಿನಲ್ಲಿ, ಗಾಜಿನ ತಟ್ಟೆಗಳಲ್ಲಿ ಭ್ರೂಣಗಳನ್ನು ಸಾಕುವ ಆಕೆಗೆ ಎಲ್ಲರೂ ಇಟ್ಟ ಹೆಸರು ಸೂಲಗಿತ್ತಿ. ಇಪ್ಪತ್ತು ವರ್ಷದಿಂದ ಸೆಂಟು ಪೂಸಿಕೊಂಡಿಲ್ಲ, ಕೂಸುಗಳಿಗೆ ಆಗಿಬರುವುದಿಲ್ಲವಂತೆ. ಇನ್‌ಕ್ಯುಬೇಟರಿನ ಬಾಗಿಲನ್ನು ಮಗು ಮಲಗಿದ ಕೋಣೆಯದೇನೋ ಎಂಬಂತೆ ತೆರೆಯುತ್ತಾಳೆ. ಅಂಡ ಫಲಿತಗೊಂಡ ಎರಡನೇ ದಿನವೇ ಯಾರಾದರೂ ಹಿಗ್ಗಿದರೆ ಗದರುತ್ತಾಳೆ: “ಇನ್ನೂ ಅಮ್ಮ ಅಂಡದಲ್ಲಿ ಕಟ್ಟಿಕೊಟ್ಟ ಬುತ್ತೀಲೇ ನಡೀತಿದೆ ಕಣ್ರೀ. ನಾಳೆ ಅದರ ಸ್ವಂತ ಜೀನ್ ಎಚ್ಚರ ಆಗ್ಲಿ, ಆಮೇಲೆ ಮಾತಾಡೋಣ.” ಮೂರನೇ ದಿನ ನಾಲ್ಕು ಕೋಶ ಎಂಟಾಗಿದ್ದರೆ, “ಎದ್ಯಾ ಬಂಗಾರ?” ಎಂದು ಕನ್ನಡಕ ಒರೆಸಿಕೊಳ್ಳುತ್ತಾಳೆ. ಒಂದೇ ಒಂದು ಮೂರನೇ ದಿನ ಮಾತ್ರ ನೋಡುವ ಧೈರ್ಯ ಸಾಲದೆ, ಸಹೋದ್ಯೋಗಿಯನ್ನು ಮೈಕ್ರೋಸ್ಕೋಪಿನ ಮುಂದೆ ಕೂರಿಸಿ, ತಾನು ಗೋಡೆಗೆ ಮುಖ ಮಾಡಿ ನಿಂತಿದ್ದಳು. ಅಂದು ತಟ್ಟೆಯಲ್ಲಿದ್ದದ್ದು ಅವಳದೇ ಕೂಸು. ಆ ಮಗಳೀಗ ಮಾತುಮಾತಿಗೂ, “ನಂಗೊತ್ತು, ಸುಮ್ನಿರಮ್ಮ” ಎಂದು ಎದುರು ನುಡಿಯುತ್ತಾಳೆ. ಸೂಲಗಿತ್ತಿ ಕನ್ನಡಕ ಒರೆಸಿಕೊಳ್ಳುತ್ತಾಳೆ.